ಹಿತ್ತಲ ಬೇಲಿಗೆ ಸೋಲಾರ್: ಪ್ಯಾನೆಲ್ ಕಟ್ಟುವ ಮುಂಚೆ ಕಂಬ ಅಲ್ಲಾಡಿಸಿ ನೋಡಿ

ಪ್ರಶ್ನೆ: ತಾರಸಿ ಮೇಲೆ ಜಾಗ ಇಲ್ಲ, ಇರುವಷ್ಟಕ್ಕೂ ಮರದ ನೆರಳು. ಹಿತ್ತಲ ಬೇಲಿಗೆ ಮಾತ್ರ ಒಳ್ಳೆ ಬಿಸಿಲು ಬೀಳುತ್ತದೆ. ಅದಕ್ಕೇ ನಾಲ್ಕು ಪ್ಯಾನೆಲ್ ಕಟ್ಟಿಬಿಟ್ಟರೆ ಸ್ಟ್ಯಾಂಡ್ ಮಾಡಿಸುವ ಖರ್ಚು ಉಳಿಯುತ್ತದೆ ಅಲ್ವಾ? ನೆಟ್ಟಗೆ ನಿಲ್ಲಿಸಿದರೆ ಕರೆಂಟ್ ತುಂಬಾ ಕಡಿಮೆ ಬರುತ್ತದೆಯೇ?

ಉತ್ತರ: ಕರೆಂಟಿನ ಮಾತು ಆಮೇಲೆ. ಮೊದಲು ಬೇಲಿಯ ಹತ್ತಿರ ಹೋಗಿ ಒಂದು ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಅದು ಅಲ್ಲಾಡಿದರೆ ಆ ಬೇಲಿಗೆ ಪ್ಯಾನೆಲ್ ಕಟ್ಟುವ ಯೋಚನೆ ಬಿಡಿ.

ತೂಕದ ಚಿಂತೆ ಬೇಡ. 400 ವ್ಯಾಟ್ ಆಸುಪಾಸಿನ ಒಂದು ಪ್ಯಾನೆಲ್ ಸುಮಾರು 1.7 ಮೀಟರ್ ಉದ್ದ, 1.1 ಮೀಟರ್ ಅಗಲ, 20ರಿಂದ 22 ಕೆಜಿ ಇರುತ್ತದೆ. ಕಷ್ಟ ಇರುವುದು ಗಾಳಿಯಲ್ಲಿ. ತಂತಿ ಬೇಲಿಯೊಳಗೆ ಗಾಳಿ ತೂರಿಕೊಂಡು ಹೋಗುತ್ತದೆ, ಪ್ಯಾನೆಲ್ ಕಟ್ಟಿದ ಮೇಲೆ ಅದೇ ಬೇಲಿ ಹಡಗಿನ ಹಾಯಿ ಇದ್ದ ಹಾಗೆ. ಲೆಕ್ಕ ಸುಲಭ: ಗಾಳಿಯ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರ್ ಮೇಲೆ ಎಷ್ಟು ನ್ಯೂಟನ್ ಒತ್ತಡ ಅಂತ ಗೊತ್ತಾಗುತ್ತದೆ. ಗಂಟೆಗೆ 108 ಕಿಲೋಮೀಟರ್ ಅಂದರೆ ಸೆಕೆಂಡಿಗೆ 30 ಮೀಟರ್. ಆಗ ಒತ್ತಡ 540 ನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 55 ಕೆಜಿ. ಒಂದು ಪ್ಯಾನೆಲ್ ಮೇಲೆ 100 ಕೆಜಿ, ನಾಲ್ಕರ ಮೇಲೆ 400 ಕೆಜಿ! ಅದೂ ನೆಲದಿಂದ ಎದೆಮಟ್ಟದಲ್ಲಿ ತಳ್ಳುವ ತೂಕ, ಕಂಬದ ಬುಡವನ್ನು ಮೀಟುವ ತೂಕ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕು ಪಟ್ಟು.

ಹಾಗಾಗಿ ನನ್ನ ಸಲಹೆ ಒಂದೇ. ಉಳಿಸುವುದಿದ್ದರೆ ಪ್ಯಾನೆಲ್‌ನಲ್ಲಿ ಉಳಿಸಿ, ಕಂಬದಲ್ಲಿ ಬೇಡ. ಬೇಲಿಯ ಸಾಲಿನಲ್ಲೇ ಪ್ಯಾನೆಲ್‌ಗೆಂದು ಬೇರೆ ಕಂಬ ನೆಡಿ. ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಪೈಪ್ ಸಾಕು, ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಹೋಗಲಿ, ಸುತ್ತ ಕಾಂಕ್ರೀಟ್ ತುಂಬಿಸಿ. ಮಣ್ಣು ಸಡಿಲ ಇದ್ದರೆ ಇನ್ನೂ ಆಳ ಬೇಕು. ಮರದ ಕಂಬ ನೆಲಮಟ್ಟದಲ್ಲೇ ಕೊಳೆಯುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಬೇಲಿ ಬದಲು ಒಂಟಿ ಇಟ್ಟಿಗೆಯ ಕಾಂಪೌಂಡ್ ಗೋಡೆ ಇದ್ದರೂ ಅಷ್ಟೇ, ಅಡ್ಡ ತಳ್ಳುವ ಬಲ ತಡೆಯುವುದಕ್ಕೆ ಅದನ್ನು ಕಟ್ಟಿರುವುದಿಲ್ಲ. ಪ್ಯಾನೆಲ್‌ಗಳನ್ನು ಅಡ್ಡಡ್ಡ ಇಟ್ಟು, ಕೆಳಗೆ ಒಂದು ಮೊಣಕಾಲಷ್ಟು ಜಾಗ ಬಿಟ್ಟು, ಆದಷ್ಟು ತಗ್ಗಿನಲ್ಲೇ ಕೂರಿಸಿ. ಬುಡದ ಮೇಲಿನ ಮೀಟು ಕಡಿಮೆಯಾಗುತ್ತದೆ, ಮಳೆಗೆ ಕೆಸರೂ ಅಷ್ಟಾಗಿ ಸಿಡಿಯುವುದಿಲ್ಲ.

ಈಗ ಕರೆಂಟ್. ಸೂರ್ಯ 30 ಡಿಗ್ರಿ ಎತ್ತರದಲ್ಲಿ ಎದುರಿಗೇ ಇದ್ದಾಗ ನೆಟ್ಟಗೆ ನಿಂತ ಪ್ಯಾನೆಲ್‌ಗೆ ನೇರ ಬಿಸಿಲಿನ 87 ಶೇಕಡಾ ಸಿಗುತ್ತದೆ, ಏನೂ ಮೋಸ ಇಲ್ಲ. ಸೂರ್ಯ 60 ಡಿಗ್ರಿಗೆ ಏರಿದರೆ 50 ಶೇಕಡಾ. 80 ಡಿಗ್ರಿಗೆ ಏರಿದರೆ ಬರೀ 17. ಅಂದರೆ ಸೂರ್ಯ ನೆತ್ತಿಯ ಮೇಲೆ ಬರುವ ಊರುಗಳಲ್ಲಿ ನೆಟ್ಟಗೆ ನಿಲ್ಲಿಸುವುದು ನಷ್ಟ, ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನಷ್ಟ ಕಡಿಮೆ.

ಆದರೆ ಇದಕ್ಕೆ ಬಲು ಅಗ್ಗದ ಉಪಾಯ ಇದೆ. ಪ್ಯಾನೆಲ್‌ನ ಮೇಲಿನ ಅಂಚನ್ನು ಕಂಬಕ್ಕೆ ಬಿಗಿದು, ಕೆಳಗಿನ ಅಂಚನ್ನು ಮುಂದಕ್ಕೆ ಎಳೆಯಿರಿ. 20 ಡಿಗ್ರಿ ಓರೆ ಮಾಡಿದರೆ ಸಾಕು. 1.1 ಮೀಟರ್ ಅಗಲದ ಪ್ಯಾನೆಲ್ ಅಡ್ಡ ಇಟ್ಟಾಗ ಬುಡ ಮುಂದೆ ಬರುವುದು ಬರೀ 38 ಸೆಂಟಿಮೀಟರ್. ಅಷ್ಟಕ್ಕೇ 60 ಡಿಗ್ರಿ ಎತ್ತರದ ಸೂರ್ಯನಿಂದ ಸಿಗುವುದು 50ರಿಂದ 77 ಶೇಕಡಾಕ್ಕೆ ಏರುತ್ತದೆ, 80 ಡಿಗ್ರಿಯ ಸೂರ್ಯನಿಂದ 17ರ ಬದಲು 50. ಎರಡು ತುಂಡು ಆಂಗಲ್ ಕಬ್ಬಿಣಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ. ಒಂದು ಎಚ್ಚರ: ಕೆಳಗಿನ ಆಂಗಲ್ ಸುಮ್ನೆ ಆನಿಸಿಟ್ಟ ಕೋಲಾಗಬಾರದು. ಗಾಳಿ ಹಿಂದಿನಿಂದಲೂ ಬೀಸುತ್ತದೆ, ಆಗ ಈ ಆಂಗಲ್ ಪ್ಯಾನೆಲ್ಲನ್ನು ಹಿಡಿದು ಎಳೆದುಕೊಳ್ಳಬೇಕು. ಎರಡೂ ತುದಿ ಬೋಲ್ಟ್ ಆಗಿರಲಿ.

ದಿಕ್ಕು ಗೊತ್ತಿದ್ದದ್ದೇ: ಭೂಮಧ್ಯರೇಖೆಯ ಉತ್ತರಕ್ಕೆ ಇರುವವರಿಗೆ ದಕ್ಷಿಣದ ಮುಖ, ದಕ್ಷಿಣಕ್ಕೆ ಇರುವವರಿಗೆ ಉತ್ತರದ ಮುಖ.

ಪ್ರಶ್ನೆ: ನಮ್ಮ ಬೇಲಿ ಉತ್ತರದಿಂದ ದಕ್ಷಿಣಕ್ಕೆ ಓಡುತ್ತದೆ. ಒಂದು ಮುಖ ಪೂರ್ವ, ಇನ್ನೊಂದು ಪಶ್ಚಿಮ. ಇದು ಪ್ರಯೋಜನಕ್ಕೆ ಬರುತ್ತದೆಯೇ?

ಉತ್ತರ: ಬರುತ್ತದೆ. ಎರಡೂ ಮುಖದಲ್ಲಿ ಬೆಳಕು ಹಿಡಿಯುವ ಬೈಫೇಶಿಯಲ್ ಪ್ಯಾನೆಲ್ ತೆಗೆದುಕೊಳ್ಳಿ. ಬೇಲಿಯ ಹಲಗೆ ಕಿತ್ತು, ಆ ಜಾಗದಲ್ಲಿ ಪ್ಯಾನೆಲ್ಲನ್ನೇ ನೆಟ್ಟಗೆ ನಿಲ್ಲಿಸಿ. ಹಿಂಬದಿಯ ಸಾಮರ್ಥ್ಯ ಸಾಮಾನ್ಯವಾಗಿ ಮುಂಬದಿಯ 70ರಿಂದ 80 ಶೇಕಡಾ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚೆನ್ನಾಗಿ ಕರೆಂಟ್ ಬರುತ್ತದೆ, ಮಧ್ಯಾಹ್ನ ತಗ್ಗುತ್ತದೆ. ಮನೆಯಲ್ಲಿ ಜಾಸ್ತಿ ಕರೆಂಟ್ ಬೇಕಾಗುವುದೂ ಬೆಳಿಗ್ಗೆ, ಸಂಜೆಯೇ ತಾನೆ? ನೆಟ್ಟಗಿರುವ ಗಾಜಿನ ಮೇಲೆ ಧೂಳೂ ಕಡಿಮೆ ಕೂರುತ್ತದೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಪ್ಯಾನೆಲ್‌ಗಳನ್ನು ಮಾತ್ರ ಒಂದೇ ಸೀರೀಸ್ ಸಾಲಿಗೆ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಕೊಟ್ಟು ಸರಪಳಿಯಂತೆ ಜೋಡಿಸುವುದು) ಸೇರಿಸಬೇಡಿ. ಬಿಸಿಲು ಕಡಿಮೆ ಬಿದ್ದ ಪ್ಯಾನೆಲ್ ಇಡೀ ಸಾಲನ್ನೇ ಹಿಂದಕ್ಕೆ ಎಳೆಯುತ್ತದೆ.

ಪ್ರಶ್ನೆ: ಹಳೆಯ ಪ್ಯಾನೆಲ್ ಅಗ್ಗಕ್ಕೆ ಸಿಗುತ್ತಿವೆ. ತೆಗೆದುಕೊಳ್ಳಬಹುದೇ?

ಉತ್ತರ: ಧಾರಾಳವಾಗಿ, ಆದರೆ ಮಲ್ಟಿಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ. ಒಳ್ಳೆಯ ಪ್ಯಾನೆಲ್ ವರ್ಷಕ್ಕೆ ಅರ್ಧ ಶೇಕಡಾದಷ್ಟು ಮಾತ್ರ ಸೊರಗುತ್ತದೆ, 15 ವರ್ಷ ಹಳೆಯದಾದರೂ 90 ಶೇಕಡಾ ಹತ್ತಿರ ಕೊಡಬೇಕು. ಬಿಸಿಲಿಗೆ ಹಿಡಿದು, ಏನೂ ಜೋಡಿಸದೆ ವೋಲ್ಟೇಜ್ ಅಳೆಯಿರಿ. ಹಿಂದಿನ ಲೇಬಲ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ 37 ಅಂತಿದ್ದು ಮೀಟರ್ 34 ತೋರಿಸಿದರೆ ಗಾಬರಿ ಬೇಡ, ಕಾದ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. 25ರ ಹತ್ತಿರ ತೋರಿಸಿದರೆ ಕೈಬಿಡಿ. ಹೆಚ್ಚಿನ ಪ್ಯಾನೆಲ್‌ಗಳ ಒಳಗೆ ಮೂರು ಭಾಗ, ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಪಕ್ಕದಿಂದ ಕರೆಂಟ್ ದಾಟಿಸುವ ಬಿಡಿಭಾಗ) ಇರುತ್ತವೆ. ಮೂರನೇ ಒಂದು ಭಾಗ ವೋಲ್ಟೇಜ್ ಕಾಣೆಯಾಗಿದ್ದರೆ ಒಂದು ಡಯೋಡ್ ಸುಟ್ಟಿದೆ ಅಥವಾ ಒಂದು ಭಾಗ ಸತ್ತಿದೆ ಅಂತ ಅರ್ಥ. ಕರೆಂಟ್ ಅಳೆಯುವುದಕ್ಕೆ ಡಿಸಿ (ಪ್ಯಾನೆಲ್ ಕೊಡುವ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕ್ಲ್ಯಾಂಪ್ ಮೀಟರ್, ಅಂದರೆ ತಂತಿಯ ಸುತ್ತ ಕಚ್ಚಿಸಿ ಅಳೆಯುವ ಮೀಟರ್ ಒಳ್ಳೆಯದು, ಏಕೆಂದರೆ ಸಾಮಾನ್ಯ ಮಲ್ಟಿಮೀಟರ್ 10 ಆಂಪಿಯರ್‌ವರೆಗೆ ಮಾತ್ರ ತಡೆಯುತ್ತದೆ, ಈಗಿನ ಪ್ಯಾನೆಲ್‌ಗಳು ಅದನ್ನು ದಾಟುತ್ತವೆ. ಹಿಂದಿನ ಜಂಕ್ಷನ್ ಬಾಕ್ಸ್ ಬಳಿ ಕಂದು ಕಲೆ ಇದ್ದರೆ, ಹಿಂಬದಿಯ ಬಿಳಿ ಹಾಳೆ ಮುಟ್ಟಿದರೆ ಸುಣ್ಣದ ಪುಡಿಯಂತೆ ಕೈಗೆ ಹತ್ತಿದರೆ, ಗಾಜು ಒಡೆದಿದ್ದರೆ ಬೇಡವೇ ಬೇಡ. ನಾಲ್ಕೂ ಒಂದೇ ಮಾಡೆಲ್ ಸಿಕ್ಕರೆ ಒಳ್ಳೆಯದು.

ಪ್ರಶ್ನೆ: ಬೇಲಿಯಿಂದ ಮನೆಗೆ 30 ಮೀಟರ್ ದೂರ. ಸಾಮಾನ್ಯ ವೈರ್ ಎಳೆದರೆ ಆಗುತ್ತದೆಯೇ?

ಉತ್ತರ: ಬೇಡ, ಬಿಸಿಲಿಗೆ ಅದರ ಹೊದಿಕೆ ಬಿರುಕು ಬಿಡುತ್ತದೆ. ಸೋಲಾರ್ ಡಿಸಿ ಕೇಬಲ್ಲನ್ನೇ ಹಾಕಿ, ಪೈಪಿನೊಳಗೆ ಎಳೆಯಿರಿ. 4 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹೋಗಿ ಬರುವ 60 ಮೀಟರಿಗೆ ಸುಮಾರು 0.3 ಓಮ್ ಆಗುತ್ತದೆ. 10 ಆಂಪಿಯರ್ ಹರಿದರೆ 3 ವೋಲ್ಟ್ ದಾರಿಯಲ್ಲೇ ಹೋಯಿತು. 12 ವೋಲ್ಟ್ ವ್ಯವಸ್ಥೆಯಲ್ಲಿ ಅದು ಕಾಲು ಭಾಗ! ಅದೇ ನಾಲ್ಕು ಪ್ಯಾನೆಲ್ ಸೀರೀಸ್‌ನಲ್ಲಿ ಜೋಡಿಸಿ 120 ವೋಲ್ಟ್ ಮೇಲೆ ತಂದರೆ ನಷ್ಟ ಎರಡೂವರೆ ಶೇಕಡಾ ಒಳಗೆ ಇರುತ್ತದೆ. ಚಾರ್ಜ್ ಕಂಟ್ರೋಲರ್ (ಬ್ಯಾಟರಿ ತುಂಬುವುದನ್ನು ನಿಯಂತ್ರಿಸುವ ಪೆಟ್ಟಿಗೆ) ಅಥವಾ ಇನ್ವರ್ಟರ್ (ಡಿಸಿಯನ್ನು ಮನೆಯ ಎಸಿ ಕರೆಂಟ್ ಮಾಡುವ ಪೆಟ್ಟಿಗೆ) ಅಷ್ಟು ವೋಲ್ಟೇಜ್ ತಡೆಯುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ವೋಲ್ಟೇಜ್ ಲೇಬಲ್‌ಗಿಂತ ಜಾಸ್ತಿ ಏರುತ್ತದೆ, ಅದಕ್ಕೂ ಜಾಗ ಬಿಟ್ಟಿರಬೇಕು.

ಪ್ರಶ್ನೆ: ಹಿತ್ತಲಲ್ಲಿ ಮಕ್ಕಳು ಆಡುತ್ತಾರೆ. ಶಾಕ್ ಹೊಡೆಯುವ ಭಯ ಇದೆಯೇ?

ಉತ್ತರ: ಇದೆ, ಮತ್ತು ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಸಮಾಧಾನವಾಯಿತು. ತಾರಸಿ ಮೇಲಿನ ಪ್ಯಾನೆಲ್ ಯಾರ ಕೈಗೂ ಸಿಗುವುದಿಲ್ಲ, ಬೇಲಿಯದು ಎಲ್ಲರ ಕೈಗೂ ಸಿಗುತ್ತದೆ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ಲನ್ನು ಆಫ್ ಮಾಡುವ ಸ್ವಿಚ್ಚೇ ಇಲ್ಲ. ನಾಲ್ಕು ಸೀರೀಸ್‌ನಲ್ಲಿದ್ದರೆ ಆ ತುದಿಗಳಲ್ಲಿ 150 ವೋಲ್ಟ್ ಇರಬಹುದು, ಡಿಸಿ ಕಿಡಿ ಒಮ್ಮೆ ಹೊತ್ತಿದರೆ ತಾನಾಗಿ ಆರುವುದೂ ಕಷ್ಟ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಕೀಳಬಾರದು, ಮೊದಲು ಇನ್ವರ್ಟರ್ ಮತ್ತು ಡಿಸಿ ಐಸೊಲೇಟರ್ (ಪ್ಯಾನೆಲ್‌ನಿಂದ ಬರುವ ಲೈನ್ ಕಡಿಯುವ ಸ್ವಿಚ್) ಆಫ್ ಮಾಡಬೇಕು. ಮಕ್ಕಳಿರುವ ಮನೆಯಲ್ಲಿ ಸೀರೀಸ್ ಬಿಟ್ಟು, ಪ್ರತಿ ಪ್ಯಾನೆಲ್‌ಗೆ ಒಂದು ಮೈಕ್ರೋ ಇನ್ವರ್ಟರ್ (ಪ್ಯಾನೆಲ್ ಬೆನ್ನಿಗೇ ಕೂರುವ ಪುಟ್ಟ ಇನ್ವರ್ಟರ್) ಹಾಕುವುದೇ ವಾಸಿ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಡಿಸಿ ವೋಲ್ಟೇಜ್ ಒಂದು ಪ್ಯಾನೆಲ್‌ನಷ್ಟಕ್ಕೇ ನಿಲ್ಲುತ್ತದೆ, ಒಂದರ ಮೇಲೆ ನೆರಳು ಬಿದ್ದರೂ ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಅದರಿಂದ ಹೊರಡುವ ಎಸಿ ಲೈನ್ ಮಾತ್ರ ಮನೆಯ ಕರೆಂಟಿನಷ್ಟೇ ಅಪಾಯ, ಅದು ಗಟ್ಟಿ ಪೈಪಿನೊಳಗೇ ಹೋಗಬೇಕು. ಇದು ಗ್ರಿಡ್‌ಗೆ ಸೇರುವ ವ್ಯವಸ್ಥೆ, ಹಾಗಾಗಿ ವಿದ್ಯುತ್ ಕೊಡುವವರ ಒಪ್ಪಿಗೆ ಬೇಕು, ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದೇ ಆಗಬೇಕು. ಹೇಗೇ ಮಾಡಿದರೂ ಫ್ರೇಮ್‌ಗಳಿಗೆಲ್ಲ ಅರ್ಥಿಂಗ್ ಕೊಡಿಸಿ, ತಾಮ್ರದ ತಂತಿ ಅಲ್ಯುಮಿನಿಯಂ ಫ್ರೇಮ್‌ಗೆ ನೇರವಾಗಿ ತಾಗದಂತೆ ತವರ ಲೇಪಿಸಿದ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ತುಂಡು) ಹಾಕಿಸಿ, ಇಲ್ಲದಿದ್ದರೆ ಆ ಜಾಗ ತಿಂದುಹೋಗುತ್ತದೆ. ಹಿಂಬದಿಯ ಕೇಬಲ್‌ಗಳು ಜೋತಾಡದಂತೆ ಫ್ರೇಮಿಗೇ ಕಟ್ಟಿಸಿ, ಮಕ್ಕಳ ಕೈ ಹೋಗುವ ಕಡೆ ಒಂದು ಜಾಲರಿ ಬಡಿಸಿ.

ಪ್ರಶ್ನೆ: ಬೇಲಿಗೆ ಬಳ್ಳಿ ಹಬ್ಬಿಸಿದ್ದೇವೆ. ಇರಬಹುದೇ?

ಉತ್ತರ: ಪ್ಯಾನೆಲ್ ಇರುವ ಕಡೆ ಬೇಡ. ಒಂದು ಸಾಲು ಸೆಲ್ ಮೇಲೆ ನೆರಳು ಬಿದ್ದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಸುಮ್ನೆ ಕೂರಬಹುದು. ಬಳ್ಳಿಯನ್ನು ಬೇಲಿಯ ಇನ್ನೊಂದು ತುದಿಗೆ ಹಬ್ಬಿಸಿ, ಪ್ಯಾನೆಲ್ ಮುಂದಿನ ಹುಲ್ಲನ್ನು ಆಗಾಗ ಕತ್ತರಿಸುತ್ತಿರಿ.