ಆನೆ ಗೊಂಬೆಯಿಂದ ಎರಡೆರಡು ಮಿಠಾಯಿ ಬೀಳುವುದಕ್ಕೆ

ನೀವು ತ್ರೀಡಿ ಪ್ರಿಂಟ್ ಮಾಡಿದ ಆನೆ ಆಕಾರದ ಮಿಠಾಯಿ ಡಬ್ಬಿಯ ಸೊಂಡಿಲು ಒತ್ತಿದರೆ ಒಂದೇ ಗುಂಡು ಮಿಠಾಯಿ ಬೀಳಬೇಕು, ಆದರೆ ಒಮ್ಮೆ ಎರಡು ಬೀಳುತ್ತವೆ, ಒಮ್ಮೆ ಒಂದೂ ಬೀಳುವುದಿಲ್ಲ ಅಂದಿದ್ದೀರಿ, ಅಲ್ವಾ? ಸುಮ್ನೆ ಸ್ಪ್ರಿಂಗ್ ಬದಲಾಯಿಸಬೇಡಿ. ಒಳಗಿನ ಜಾರುಪಟ್ಟಿಯ, ಅಂದರೆ ಒತ್ತಿದಾಗ ಜಾರಿ ಮಿಠಾಯಿಯನ್ನು ಹೊತ್ತು ತರುವ ಪಟ್ಟಿಯ, ಗುಳಿ ಅಳೆದು ನೋಡಿ. 10 ಮಿ.ಮೀ. ಮಿಠಾಯಿಗೆ 14 ಮಿ.ಮೀ. ಆಳ ಇದ್ದರೆ ಎರಡನೆಯದೂ ಅರ್ಧ ಇಳಿದು ಅಂಚಿಗೆ ಕಚ್ಚಿಕೊಳ್ಳುತ್ತದೆ. 11 ಸಾಕು. ಮಿಠಾಯಿ ಗುಳಿಗೆ ಇಳಿಯುವ ಮೇಲಿನ ತೂತು ಪೂರ್ತಿ ಮುಚ್ಚಿದ ಮೇಲೆಯೇ, ಅದು ಹೊರಬೀಳುವ ಕೆಳಗಿನ ತೂತು ತೆರೆಯಬೇಕು. ಎರಡೂ ಒಂದು ಕ್ಷಣ ಒಟ್ಟಿಗೆ ತೆರೆದರೂ ಮುಗಿಯಿತು, ಎರಡೆರಡು ಬೀಳುತ್ತವೆ.

ಒಂದೂ ಬೀಳದಿರುವುದು ಬೇರೆ ಕಥೆ. ಡಬ್ಬಿಯ ಬಾಯಿ ಕಿರಿದಾದರೆ ಮೂರ್ನಾಲ್ಕು ಗುಂಡುಗಳು ಒಂದಕ್ಕೊಂದು ಒರಗಿ ಕಮಾನು ಕಟ್ಟಿ ನಿಲ್ಲುತ್ತವೆ. ಪಟ್ಟಿಯ ಮೇಲೆ ಸಣ್ಣ ಉಬ್ಬು ಮಾಡಿ, ಒತ್ತಿದಾಗಲೆಲ್ಲ ಅದು ರಾಶಿಯನ್ನು ಕದಲಿಸುತ್ತದೆ. ತಲೆ ಎತ್ತಿದರೆ ಒಂದೊಂದೇ ಮಿಠಾಯಿ ಕೊಡುವ ಪೆಜ್ (PEZ) ಡಬ್ಬಿಗೆ ಈ ತಲೆನೋವೇ ಇಲ್ಲ. ಅದರ ಮಿಠಾಯಿ ಚಪ್ಪಟೆ, 12 ಒಂದರ ಮೇಲೊಂದು ಕೂರುತ್ತವೆ, ಸ್ಪ್ರಿಂಗ್ ಕೆಳಗಿನಿಂದ ತಳ್ಳುತ್ತದೆ. ಗುಂಡು ಆರಿಸಿಕೊಂಡವರು ನೀವೇ, ಅನುಭವಿಸಿ!

ಬೆಂಗಳೂರಿನ ಮಳೆಗಾಲದಲ್ಲಿ ಸಕ್ಕರೆ ಬೇಗ ಅಂಟುತ್ತದೆ, ಮುಚ್ಚಳ ಬಿಗಿಯಾಗಿರಲಿ. ತ್ರೀಡಿ ಪ್ರಿಂಟ್ ಪದರಗಳ ಸಂದಿಯಲ್ಲಿ ಪುಡಿ ಕೂರುವುದು ಜಾಸ್ತಿ. ಹಾಗಾಗಿ ಪಟ್ಟಿಯನ್ನು ಕಳಚಿ ತೊಳೆಯುವಂತಿರಬೇಕು. ಸ್ಪ್ರಿಂಗ್ ತರಲು ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋದರೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ, ತುಕ್ಕು ಹಿಡಿಯುವುದು ಕಡಿಮೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಈ ಗಾತ್ರದ ಗುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.