ಪ್ರಶ್ನೋತ್ತರ: ಕಾರ್ಖಾನೆಯ ಚಾವಣಿಯನ್ನು ಹಿಡಿದಿಡುವ ಪರ್ಲಿನ್‌ಗಳು

ಚಾವಣಿಯ ತಗಡಿನ ಕೆಳಗೆ ಅಡ್ಡಲಾಗಿ ಹಾಯುವ ಉಕ್ಕಿನ ತೆಳು ತೊಲೆಗಳೇ ಪರ್ಲಿನ್‌ಗಳು. ಕಾರ್ಖಾನೆ ಕಟ್ಟಡಗಳ ಚಾವಣಿಯ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದವುಗಳ ಉತ್ತರವೂ ಬಹುಮಟ್ಟಿಗೆ ಅದರಲ್ಲೇ ಇದೆ.

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ 15 ಮೀಟರ್ ಅಗಲ, 30 ಮೀಟರ್ ಉದ್ದದ ಶೆಡ್ ಕಟ್ಟಿಸುತ್ತಿದ್ದೇನೆ. ಎಂಜಿನಿಯರರ ನಕ್ಷೆಯಲ್ಲಿ 6 ಮೀಟರಿಗೊಂದು ಫ್ರೇಮ್, ಅವುಗಳ ಮೇಲೆ 1.4 ಮೀಟರಿಗೊಂದರಂತೆ 200 ಮಿ.ಮೀ. ಎತ್ತರ, 2 ಮಿ.ಮೀ. ದಪ್ಪದ ಝಡ್ ಪರ್ಲಿನ್, ನಡುವೆ ಪರ್ಲಿನ್‌ಗಳನ್ನು ಒಂದಕ್ಕೊಂದು ಕಟ್ಟುವ ಸ್ಯಾಗ್ ರಾಡುಗಳು ಇವೆ. ಕೆಲಸ ಹಿಡಿದಿರುವ ಫ್ಯಾಬ್ರಿಕೇಟರ್, "ಮೇಲೆ ಬರುವುದು ಹಗುರ ತಗಡು ತಾನೆ? 1.6 ಮಿ.ಮೀ. ಸಾಕು, ಸ್ಯಾಗ್ ರಾಡ್ ಬೇಡ, 7.5 ಮೀಟರಿಗೊಂದು ಫ್ರೇಮ್ ನಿಲ್ಲಿಸಿದರೆ ಒಂದು ಫ್ರೇಮಿನ ಖರ್ಚೇ ಉಳಿಯುತ್ತದೆ" ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಎಂಜಿನಿಯರರ ಮಾತು. ತಗಡು ಹಗುರ ಎಂಬುದು ನಿಜವೇ. ಆದರೆ ಅದು ಹಗುರವಾಗಿದೆ ಎಂಬ ಕಾರಣಕ್ಕೇ ಪರ್ಲಿನ್ ಗಟ್ಟಿಯಾಗಿರಬೇಕು ಎಂಬುದನ್ನು ನಿಮ್ಮ ಫ್ಯಾಬ್ರಿಕೇಟರ್ ಗಮನಿಸಿಲ್ಲ.

ಹಂಚಿನ ಮನೆಯಲ್ಲಿ ಪಕ್ಕಾಸುಗಳ ಮೇಲೆ ಅಡ್ಡಲಾಗಿ ಬಡಿದ ರೀಪುಗಳು ಹಂಚನ್ನು ಹೊರುವಂತೆ, ಶೆಡ್ಡಿನಲ್ಲಿ ಫ್ರೇಮಿನ ಇಳಿಜಾರು ತೊಲೆಯಾದ ರಾಫ್ಟರಿನಿಂದ ರಾಫ್ಟರಿಗೆ ಹಾಯುವ ಪರ್ಲಿನ್‌ಗಳು ತಗಡನ್ನು ಹೊರುತ್ತವೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಮಂಗಳೂರು ಹಂಚು ಒಂದೊಂದೂ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಚದರ ಮೀಟರಿಗೆ ಸುಮಾರು 15 ಹಂಚು ಬೇಕಾಗುತ್ತದೆ; ಆ ಮಾಡು ತನ್ನ ಭಾರದಿಂದಲೇ ಗಾಳಿಗೆ ಒಂದು ಮಟ್ಟಿಗೆ ಎದುರು ನಿಲ್ಲುತ್ತದೆ. ಅರ್ಧ ಮಿ.ಮೀ. ದಪ್ಪದ ಉಕ್ಕಿನ ತಗಡಿನ ಭಾರವಾದರೋ ಚದರ ಮೀಟರಿಗೆ ಐದು ಕಿಲೋ ಆಸುಪಾಸು. ಅದನ್ನು ಹೊರುವುದು ಕಷ್ಟವಲ್ಲ, ಹಾರದಂತೆ ಹಿಡಿದಿಡುವುದು ಕಷ್ಟ.

ಲೆಕ್ಕವನ್ನೇ ನೋಡಿ. ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ 3ನೆಯ ಭಾಗವು ಮೈಸೂರು, ಬೆಂಗಳೂರುಗಳಿಗೆ ಸೆಕೆಂಡಿಗೆ 33 ಮೀಟರ್ ಮೂಲ ವೇಗವನ್ನು ನಿಗದಿ ಮಾಡಿದೆ. ಈ ಸಂಖ್ಯೆಯ ವರ್ಗವನ್ನು 0.6ರಿಂದ ಗುಣಿಸಿದರೆ 653 ನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 66 ಕಿಲೋ ಭಾರಕ್ಕೆ ಸಮನಾದ ಒತ್ತಡ ಬರುತ್ತದೆ. ಕಟ್ಟಡದ ಎತ್ತರ, ಸುತ್ತಲಿನ ಬಯಲು, ಚಾವಣಿಯ ಇಳಿಜಾರುಗಳಿಗೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗುವುದಾದರೂ ಅಂದಾಜಿಗೆ ಇಷ್ಟು ಸಾಕು. ನಿಮ್ಮ ಒಂದೊಂದು ಪರ್ಲಿನ್ 6 ಮೀಟರ್ ಉದ್ದ, 1.4 ಮೀಟರ್ ಅಗಲದ ತಗಡಿಗೆ ಆಸರೆ, ಅಂದರೆ 8.4 ಚದರ ಮೀಟರಿಗೆ. ಅದರ ಪಾಲಿಗೆ ಬರುವ ತಗಡು ಮತ್ತು ಅದರದೇ ಭಾರ ಸೇರಿ 75 ಕಿಲೋ ಆದರೆ, ಗಾಳಿ ಅದನ್ನು ಮೇಲಕ್ಕೆ ಸೆಳೆಯುವ ಬಲ 550 ಕಿಲೋಗೂ ಮೀರುತ್ತದೆ. ಒಂದು ಕಡೆಯ ದೊಡ್ಡ ಶಟರ್ ತೆರೆದಿದ್ದಾಗ ಬಿರುಗಾಳಿ ಒಳನುಗ್ಗಿದರೆ, ಹೊರಗಿನ ಸೆಳೆತಕ್ಕೆ ಒಳಗಿನ ಒತ್ತಡವೂ ಸೇರಿ ಈ ಸಂಖ್ಯೆ ಇನ್ನೂ ಏರುತ್ತದೆ. ಸೂರು, ನೆತ್ತಿ ಮತ್ತು ಎರಡು ತುದಿಯ ಗೋಡೆಗಳ ಬಳಿ ಸೆಳೆತ ಎಲ್ಲಕ್ಕಿಂತ ತೀವ್ರ. ಹಾರಿಹೋದ ಚಾವಣಿಗಳಲ್ಲಿ ಮೊದಲು ಕಿತ್ತುಬರುವುದು ಹೆಚ್ಚಾಗಿ ಮೂಲೆಯ ತಗಡು.

ಈಗ ಸ್ಯಾಗ್ ರಾಡಿನ ವಿಷಯ. ಭಾರ ಕೆಳಕ್ಕೆ ಒತ್ತುವಾಗ ಪರ್ಲಿನ್ನಿನ ನಡುಭಾಗದಲ್ಲಿ ಮೇಲಿನ ಅಂಚು ಅಮುಕಿಕೊಳ್ಳುತ್ತದೆ, ಆದರೆ ಸ್ಕ್ರೂಗಳಿಂದ ಬಿಗಿದ ತಗಡು ಅದನ್ನು ಪಕ್ಕಕ್ಕೆ ವಾಲಲು ಬಿಡುವುದಿಲ್ಲ. ಗಾಳಿ ಮೇಲಕ್ಕೆ ಎಳೆಯುವಾಗ ಅಮುಕಿಕೊಳ್ಳುವುದು ಕೆಳಗಿನ ಅಂಚು, ಮತ್ತು ಆ ಅಂಚನ್ನು ಹಿಡಿಯಲು ತಗಡು ಅಲ್ಲಿಲ್ಲ. ಆಗ ತೆಳುವಾದ ಪರ್ಲಿನ್ ಮುರಿಯುವ ಮೊದಲೇ ತಿರುಚಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯ ನಂತರ ಇಂತಹ ಚಾವಣಿಗಳನ್ನು ನೋಡಲು ಹೋದಾಗಲೆಲ್ಲ ತುಂಡಾದ ಪರ್ಲಿನ್‌ಗಳಿಗಿಂತ ಹಿಂಡಿದ ಬಟ್ಟೆಯಂತೆ ತಿರುಚಿದ ಪರ್ಲಿನ್‌ಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. 12 ಮಿ.ಮೀ. ದಪ್ಪದ ಒಂದು ರಾಡು ತಡೆಯುವುದು ಈ ತಿರುಚನ್ನೇ. ಆದ್ದರಿಂದ ಅದು ಕೆಳ ಅಂಚಿನ ಹತ್ತಿರವೂ ಹಾಯುವಂತೆ ನಕ್ಷೆಯಲ್ಲಿದೆಯೇ ಎಂದು ಎಂಜಿನಿಯರರನ್ನು ಕೇಳಿ, ಮತ್ತು ಎರಡೂ ಇಳಿಜಾರುಗಳ ರಾಡುಗಳು ನೆತ್ತಿಯಲ್ಲಿ ಒಂದಕ್ಕೊಂದು ಬಿಗಿಯಾಗಿ ಸೇರಿವೆಯೇ ಎಂದು ನೀವೇ ನೋಡಿ. ನೆತ್ತಿಯಲ್ಲಿ ಆಧಾರ ಸಿಗದ ರಾಡಿನ ಸಾಲು ಒಂದು ಪರ್ಲಿನ್ನಿನ ಹೊರೆಯನ್ನು ಇನ್ನೊಂದಕ್ಕೆ ದಾಟಿಸುತ್ತದೆಯೇ ಹೊರತು ಎಲ್ಲಿಯೂ ಇಳಿಸುವುದಿಲ್ಲ.

ದಪ್ಪವನ್ನು 2ರಿಂದ 1.6 ಮಿ.ಮೀ.ಗೆ ಇಳಿಸಿದರೆ ಉಕ್ಕಿನಲ್ಲಿ ಶೇ. 20 ಉಳಿತಾಯವಾಗುತ್ತದೆ, ಶಕ್ತಿ ಅದಕ್ಕಿಂತ ಹೆಚ್ಚಾಗಿ ಕಳೆಯಬಹುದು, ಏಕೆಂದರೆ ತೆಳುವಾದ ತಗಡಿನಿಂದ ಮಡಿಸಿದ ಭಾಗಗಳು ಪೂರ್ಣ ಬಲ ತೋರಿಸುವ ಮೊದಲೇ ಅಲ್ಲಲ್ಲಿ ಸುಕ್ಕುಗಟ್ಟುತ್ತವೆ. ಅಂತರ ಹೆಚ್ಚಿಸುವ ಸಲಹೆಯಂತೂ ಇದಕ್ಕಿಂತ ಅಪಾಯಕರ. 6 ಮೀಟರನ್ನು 7.5ಕ್ಕೆ ಏರಿಸಿದರೆ ಉದ್ದ ಕಾಲು ಪಾಲು ಮಾತ್ರ ಹೆಚ್ಚಿದಂತೆ ಕಂಡರೂ, ಬಾಗಿಸುವ ಬಲ ಉದ್ದದ ವರ್ಗದಂತೆ ಬೆಳೆದು ಒಂದೂವರೆ ಪಟ್ಟನ್ನು ಮೀರುತ್ತದೆ, ಬಾಗು ಉದ್ದದ ನಾಲ್ಕನೆಯ ಘಾತದಂತೆ ಬೆಳೆದು ಸುಮಾರು 2.4 ಪಟ್ಟಾಗುತ್ತದೆ. ಲೋಹದ ತಗಡು ಹೊರುವ ಪರ್ಲಿನ್ ತನ್ನ ಉದ್ದದ 150ನೆಯ ಒಂದು ಭಾಗಕ್ಕಿಂತ, ನಿಮ್ಮಲ್ಲಿ 40 ಮಿ.ಮೀ.ಗಿಂತ, ಹೆಚ್ಚು ಬಾಗಬಾರದೆಂದು 2007ರ ಐಎಸ್ 800 ಹೇಳುತ್ತದೆ. ಫ್ರೇಮುಗಳನ್ನು ದೂರ ಇಡಲೇಬಾರದೆಂದಲ್ಲ. ಇಡುವುದಾದರೆ ಪರ್ಲಿನ್ನಿನ ಎತ್ತರ, ದಪ್ಪ, ರಾಡುಗಳ ಸಾಲು, ರಾಫ್ಟರ್, ತಳಪಾಯ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಒಂದು ಫ್ರೇಮಿನ ಉಳಿತಾಯ ಆಮೇಲೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಆಗ ನೋಡಬಹುದು.

ಝಡ್ ಆಕಾರವನ್ನೇ ಏಕೆ ಕೊಟ್ಟಿದ್ದಾರೆಂದು ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಕೆಲಸದ ಜಾಗದಲ್ಲಿ ಕೆಡುವುದು ಇದೇ. ಝಡ್ ಪರ್ಲಿನ್ನಿನ ಒಂದು ಅಂಚನ್ನು ಇನ್ನೊಂದಕ್ಕಿಂತ ತುಸು ಅಗಲವಾಗಿ ಮಡಿಸಿರುವುದರಿಂದ ಎರಡು ಪರ್ಲಿನ್‌ಗಳು ರಾಫ್ಟರಿನ ಮೇಲೆ ಒಂದರೊಳಗೊಂದು ಕುಳಿತು ಅಲ್ಲಿ ಜೋಡಿ ದಪ್ಪವಾಗುತ್ತದೆ. ಹೀಗೆ ಸೇರಿದ ಸಾಲು ಬಿಡಿ ತುಂಡುಗಳಂತಲ್ಲ, ಒಂದೇ ಉದ್ದನೆಯ ತೊಲೆಯಂತೆ ವರ್ತಿಸುತ್ತದೆ, ಮತ್ತು ಹೊರೆ ಅತಿ ಹೆಚ್ಚಾಗುವ ರಾಫ್ಟರಿನ ಮೇಲೆಯೇ ಅದಕ್ಕೆ ಎರಡರಷ್ಟು ಉಕ್ಕು ಸಿಗುತ್ತದೆ. ಮೇಲ್ಜೋಡಣೆಯ ಉದ್ದವನ್ನು ಗಿಡ್ಡ ಮಾಡಿದರೆ ಅಥವಾ ನಾಲ್ಕು ಬೋಲ್ಟಿನ ಜಾಗದಲ್ಲಿ ಎರಡೇ ಹಾಕಿದರೆ ಎಂಜಿನಿಯರರ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ. ಮೊದಲ ಮತ್ತು ಕೊನೆಯ ಅಂಕಣಗಳಲ್ಲಿ (ಅಂಕಣವೆಂದರೆ ಎರಡು ಫ್ರೇಮುಗಳ ನಡುವಿನ ಜಾಗ) ಪರ್ಲಿನ್ನಿನ ಒಂದು ತುದಿಗೆ ಈ ಮುಂದುವರಿಕೆಯ ಆಸರೆ ಇಲ್ಲದಿರುವುದರಿಂದ ಅಲ್ಲಿ ಹೆಚ್ಚು ದಪ್ಪದ ಪರ್ಲಿನ್ ತೋರಿಸಿರುತ್ತಾರೆ. ಲಾರಿಯಿಂದ ಇಳಿಸುವಾಗ ಅವು ನಡುವಿನ ಅಂಕಣದವುಗಳೊಂದಿಗೆ ಬೆರೆಯದಂತೆ ನೋಡಿಕೊಳ್ಳಿ. ಸಿ ಪರ್ಲಿನ್ ಹೀಗೆ ಒಂದರೊಳಗೊಂದು ಕೂರುವುದಿಲ್ಲ, ಒಂದೇ ಅಂಕಣದ ಸಣ್ಣ ಶೆಡ್ಡಿಗೆ ಅದು ಸಾಕು.

ಬಂದ ಮಾಲಿನ ದಪ್ಪವನ್ನು ಪರೀಕ್ಷಿಸಲು ತಕ್ಕಡಿಯಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ. 200 ಮಿ.ಮೀ. ಎತ್ತರ, 60 ಮಿ.ಮೀ. ಅಂಚು, ಅಂಚಿನ ತುದಿಯಲ್ಲಿ ಮಡಿಸಿದ 20 ಮಿ.ಮೀ. ತುಟಿಯ 2 ಮಿ.ಮೀ. ಪರ್ಲಿನ್ ಮೀಟರಿಗೆ ಸುಮಾರು 5.5 ಕಿಲೋ ತೂಗಬೇಕು, 1.6 ಮಿ.ಮೀ. ಆದರೆ 4.4 ಕಿಲೋ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಅಕ್ಕಿ ಗಿರಣಿಗೆ ಮೂವತ್ತು ವರ್ಷ ಹಳೆಯ ಆಸ್ಬೆಸ್ಟಾಸ್ ಚಾವಣಿಯಿದೆ. ಅದನ್ನು ತೆಗೆದು ಬಣ್ಣದ ತಗಡು ಹಾಕಿಸುತ್ತಿದ್ದೇವೆ. ಹೊಸದು ಹಗುರವಾದ್ದರಿಂದ ಹಳೆಯ ಆಂಗಲ್ ಪರ್ಲಿನ್‌ಗಳನ್ನೇ ಉಳಿಸಿಕೊಳ್ಳಬಹುದಲ್ಲವೇ? ಮುಂದೆ ಸೌರ ಫಲಕ ಹಾಕುವ ಯೋಚನೆಯೂ ಇದೆ.

ಉತ್ತರ: ಉಳಿಸಿಕೊಳ್ಳಬಹುದು, ಆದರೆ ಹಗುರ ಎಂಬ ಕಾರಣಕ್ಕಲ್ಲ, ಪರೀಕ್ಷಿಸಿ ಒಪ್ಪಿದ ಮೇಲೆ. ಆಸ್ಬೆಸ್ಟಾಸ್ ಚದರ ಮೀಟರಿಗೆ 15 ಕಿಲೋ ಆಸುಪಾಸು ತೂಗುತ್ತಿತ್ತು, ಇಷ್ಟು ವರ್ಷ ಆ ಭಾರ ಗಾಳಿಯ ಸೆಳೆತದ ಒಂದು ಪಾಲನ್ನು ತಾನೇ ತೀರಿಸುತ್ತಿತ್ತು. ಅದು ಹೋದರೆ ಪರ್ಲಿನ್, ಅದನ್ನು ಕೂರಿಸುವ ಉಕ್ಕಿನ ತುಂಡಾದ ಕ್ಲೀಟ್, ಟ್ರಸ್ಸಿನ ತಳದ ಬೋಲ್ಟ್ ಇವೆಲ್ಲವೂ ಹಿಂದಿಗಿಂತ ಹೆಚ್ಚಿನ ಎಳೆತ ತಾಳಬೇಕಾಗುತ್ತದೆ. ಆಂಗಲ್‌ಗಳ ತುಕ್ಕನ್ನು ಕೆರೆದು ಉಳಿದ ದಪ್ಪವನ್ನು ಅಳೆಯಿರಿ. ಕ್ಲೀಟ್‌ಗಳ ವೆಲ್ಡಿಂಗನ್ನು ಒಂದೊಂದಾಗಿ ನೋಡಿಸಿ. ಹಳೆಯ ಜೆ ಕೊಕ್ಕೆಗಳ ಬದಲು ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಬರುವುದಾದರೆ, ಆಂಗಲ್ಲಿನ ದಪ್ಪವನ್ನು ಕೊರೆಯಬಲ್ಲ ಮೊನೆಯ ಸ್ಕ್ರೂವನ್ನೇ ತರಿಸಬೇಕು. ಸೌರ ಫಲಕಗಳು ಚೌಕಟ್ಟು ಸೇರಿ ಚದರ ಮೀಟರಿಗೆ 12ರಿಂದ 15 ಕಿಲೋ ಸೇರಿಸುತ್ತವೆ, ತಾವೂ ಗಾಳಿಯನ್ನು ಹಿಡಿಯುತ್ತವೆ. ಆ ಯೋಚನೆಯನ್ನು ಎಂಜಿನಿಯರರಿಗೆ ಈಗಲೇ ಹೇಳಿ, ಚಾವಣಿ ಮುಗಿದ ಮೇಲಲ್ಲ.

ಕೆಲಸದವರ ವಿಷಯದಲ್ಲಿ ಒಂದು ಕಳಕಳಿಯ ಮಾತು. ಹಳೆಯ ಆಸ್ಬೆಸ್ಟಾಸ್ ಮೇಲೆ ಕಾಲಿಟ್ಟರೆ ಅದು ಎಚ್ಚರಿಕೆ ಕೊಡದೆ ಒಡೆದು ಆಳನ್ನು ಕೆಳಕ್ಕೆ ಬೀಳಿಸುತ್ತದೆ. ಹಲಗೆ ಹಾಸಿ, ಸುರಕ್ಷತಾ ಬೆಲ್ಟ್ ಕಟ್ಟಿಸಿ, ಶೀಟುಗಳನ್ನು ನೀರಿನಿಂದ ತೋಯಿಸಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಪ್ರಶ್ನೆ: ಬೆಳಗಾವಿಯ ನಮ್ಮ ಸಣ್ಣ ಫೌಂಡ್ರಿಯಲ್ಲಿ ಅಚ್ಚುಗಳನ್ನು ಎತ್ತಲು ಅರ್ಧ ಟನ್ನಿನ ಚೈನ್ ಪುಲ್ಲಿ ಬೇಕು. ಪರ್ಲಿನ್ನಿಗೆ ನೇತುಹಾಕಬಹುದೇ?

ಉತ್ತರ: ಬೇಡ. ಚಾವಣಿಯ ಲೆಕ್ಕದಲ್ಲಿ ಪರ್ಲಿನ್ನಿಗೆ ಹಿಡಿದಿರುವ ಹೊರೆ ಇಡೀ ಉದ್ದಕ್ಕೂ ಹರಡಿದ್ದು, ಅದರ ಜೊತೆಗೆ ದುರಸ್ತಿಗೆ ಹತ್ತುವ ಒಬ್ಬ ಮನುಷ್ಯನ ಭಾರ. ಅರ್ಧ ಟನ್ ಒಂದೇ ಜಾಗದಲ್ಲಿ, ಅದೂ ಅಂಚಿನ ತುಟಿಗೆ ತಗಲಿಹಾಕಿದರೆ ತುಟಿ ಬಿಚ್ಚಿಕೊಂಡು ಪರ್ಲಿನ್ ತಿರುಗಿಬಿಡುತ್ತದೆ. ಪುಲ್ಲಿಗೆ ನೆಲದಿಂದಲೇ ಎದ್ದ ಎರಡು ಕಂಬ, ಅವುಗಳ ಮೇಲೊಂದು ಐ ಬೀಮ್ ಬೇಕು.

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮ ಗೋದಾಮಿಗೆ ಜಿಐ (ಸತು ಲೇಪಿತ) ಪರ್ಲಿನ್ ತರಿಸಿದೆವು. ಚಾವಣಿ ಏರುವ ಮೊದಲೇ, ಅಂಗಳದಲ್ಲಿ ಪೇರಿಸಿಟ್ಟಿದ್ದ ಕಟ್ಟುಗಳಲ್ಲಿ ಬಿಳಿ ಪುಡಿಯಂತಹ ಕಲೆ ಬಂದಿದೆ. ಕಳಪೆ ಮಾಲೇ?

ಉತ್ತರ: ಮಾಲು ಕಳಪೆ ಎನ್ನಲು ಅಷ್ಟೇ ಸಾಲದು. ಅದು ಬಿಳಿ ತುಕ್ಕು. ಒತ್ತೊತ್ತಾಗಿ ಪೇರಿಸಿದ ಪರ್ಲಿನ್‌ಗಳ ಸಂದಿಯಲ್ಲಿ ಮಳೆನೀರು ನಿಂತು ಗಾಳಿಯಾಡದೆ ಹೋದಾಗ ಸತು ಹೀಗೆ ಪುಡಿಯಾಗುತ್ತದೆ. ಕಟ್ಟುಗಳನ್ನು ಬಿಚ್ಚಿ, ಒರೆಸಿ ಒಣಗಿಸಿ, ಸಂದಿಗಳಲ್ಲಿ ಮರದ ತುಂಡಿಟ್ಟು, ನೀರು ಇಳಿದುಹೋಗುವಂತೆ ಒಂದು ಕಡೆ ಎತ್ತರಿಸಿ ಇಡಿ. ಪುಡಿಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿದಾಗ ಕೆಳಗೆ ಸತುವಿನ ಬೂದು ಬಣ್ಣ ಕಂಡರೆ ಪರ್ಲಿನ್ ಬಳಸಬಹುದು. ಕೆಂಪು ಕಂಡರೆ ಅದನ್ನು ಹಿಂದಿರುಗಿಸಿ.

ಚದರ ಮೀಟರಿಗೆ 275 ಗ್ರಾಂ ಲೇಪನವೆಂದರೆ ಎರಡೂ ಮೈ ಸೇರಿದ ತೂಕ, ಒಂದೊಂದು ಮೈಗೆ ಬರುವ ಸತುವಿನ ದಪ್ಪ ಸುಮಾರು 20 ಮೈಕ್ರಾನ್ ಮಾತ್ರ. ಕಡಲ ಉಪ್ಪುಗಾಳಿಯಲ್ಲಿ ಇದನ್ನು ಉಳಿಸಿಕೊಳ್ಳುವುದೇ ನಿಮ್ಮ ಮುಂದಿನ ಕೆಲಸ. ಕ್ಲೀಟ್‌ಗಳಿಗೆ ಪರ್ಲಿನ್ನನ್ನು ವೆಲ್ಡ್ ಮಾಡಲು ಬಿಡಬೇಡಿ, ಏಕೆಂದರೆ ವೆಲ್ಡಿನ ಶಾಖಕ್ಕೆ ಸುತ್ತಲಿನ ಸತುವೆಲ್ಲ ಸುಟ್ಟುಹೋಗಿ, ಅತಿ ಹೆಚ್ಚು ಬಲ ಬೀಳುವ ಜಾಗದಲ್ಲೇ ಉಕ್ಕು ಬೆತ್ತಲಾಗುತ್ತದೆ. ಸತು ಲೇಪಿತ ಬೋಲ್ಟುಗಳನ್ನೇ ಬಳಸಿ. ಕತ್ತರಿಸಿದ ತುದಿಗಳಿಗೂ ಕೊರೆದ ತೂತುಗಳಿಗೂ ಅಂದೇ ಸತುಭರಿತ ಬಣ್ಣ ಹಚ್ಚಿಸಿ. ಪರ್ಲಿನ್ನಿನ ಕೆಳ ಅಂಚು ತುಟಿಯ ಪಕ್ಕದಲ್ಲಿ ಒಂದು ಸಣ್ಣ ದೋಣಿಯಂತಾಗಿ ಉಪ್ಪು ಬೆರೆತ ಧೂಳನ್ನು ಹಿಡಿದಿಡುತ್ತದೆ, ಮಳೆಗಾಲದ ತೇವಕ್ಕೆ ಆ ಧೂಳು ವಾರಗಟ್ಟಲೆ ಒಣಗುವುದಿಲ್ಲ. ವರ್ಷಕ್ಕೆ ಎರಡು ಬಾರಿ, ಮಳೆಗೆ ಮುಂಚೆ ಒಮ್ಮೆ ಮತ್ತು ದೀಪಾವಳಿಯ ಹೊತ್ತಿಗೆ ಒಮ್ಮೆ, ಏಣಿ ಹಾಕಿ ಅದನ್ನು ಗುಡಿಸಿಸಿ. ಮಂಗಳೂರಿಗೆ ನಿಗದಿಯಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮೈಸೂರಿನ ಲೆಕ್ಕಕ್ಕೆ ಹೋಲಿಸಿದರೆ ಒತ್ತಡ ಶೇ. 40ರಷ್ಟು ಹೆಚ್ಚು, ಹೀಗಾಗಿ ಗುಡಿಸಲು ಹತ್ತಿದವರಿಂದಲೇ ಸೂರಿನ ಸಾಲಿನ ಸ್ಕ್ರೂಗಳೂ ಅವುಗಳ ರಬ್ಬರ್ ವಾಷರ್‌ಗಳೂ ಸಡಿಲಾಗಿಲ್ಲವೇ ಎಂದು ಕೈಯಿಟ್ಟು ನೋಡಿಸಿ.