ಕಥೆಯನ್ನು ವಿಶ್ಲೇಷಿಸೋಕೆ ಯಾವ ಪದಗಳು ಗೊತ್ತಿರಬೇಕು?

ಪಿಯುಸಿ ಓದುತ್ತಿದ್ದೀರಿ, ‘ಕಥೆಯನ್ನು ವಿಶ್ಲೇಷಿಸಿ’ ಅಂದರೆ ಸಾರಾಂಶವನ್ನೇ ಬರೆದುಬಿಡುತ್ತೀರಿ, ವಸ್ತು, ಸಂಘರ್ಷ, ನಿರೂಪಕ ಅಂದರೆ ಏನು ಅಂತ ಕೇಳಿದ್ದೀರಿ. ನಾನು ಕನ್ನಡ ಪಾಠ ಮಾಡುವವನು. ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಇದನ್ನೇ ನೋಡುತ್ತೇನೆ. ದಯವಿಟ್ಟು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಬೇಡಿ. ಚಿಕ್ಕಂದಿನಿಂದ ಗೊತ್ತಿರುವ ಒಂದು ಕಥೆ ಹಿಡಿದು ಕೂರಿ. ಗೋವಿನ ಹಾಡು ಗೊತ್ತಲ್ವಾ? ಅದೊಂದೇ ಸಾಕು.

ಹುಲಿ ಹಸುವನ್ನು ಅಡ್ಡಗಟ್ಟಿತು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಹಸು ಮಾತು ಕೊಟ್ಟು ಹೋಯಿತು, ಹೇಳಿದ ಹಾಗೆ ಬಂತು. ಹುಲಿ ಅದನ್ನು ತಿನ್ನದೆ ತಾನೇ ಪ್ರಾಣ ಬಿಟ್ಟಿತು. ಇದು ಸಾರಾಂಶ. ಈ ಘಟನೆಗಳ ನಡುವೆ ‘ಆದ್ದರಿಂದ’ ಅನ್ನುವ ಎಳೆ ಹುಡುಕಿ. ಕರು ಹಸಿದಿತ್ತು, ಆದ್ದರಿಂದ ಹಸು ಗಡುವು ಕೇಳಿತು. ಹಸು ಮಾತು ಉಳಿಸಿಕೊಂಡಿತು, ಆದ್ದರಿಂದ ಹುಲಿಗೆ ತಿನ್ನಲು ಆಗಲಿಲ್ಲ. ಈ ಎಳೆಯೇ ಕಥಾಹಂದರ.

‘ವಸ್ತು’ ಅನ್ನುವ ಪದದಲ್ಲಿ ಮಾತ್ರ ಸ್ವಲ್ಪ ಎಚ್ಚರ. 10ನೇ ಶತಮಾನದ ಸಂಸ್ಕೃತ ಲೇಖಕ ಧನಂಜಯ, ನಾಟಕಗಳ ಬಗ್ಗೆ ಬರೆಯುತ್ತಾ ವಸ್ತು, ನೇತೃ (ನಾಯಕ), ರಸ ಅಂತ ಮೂರು ಹೇಳುತ್ತಾನೆ. ಅಲ್ಲಿ ವಸ್ತು ಅಂದರೆ ಘಟನೆಗಳ ಹೆಣಿಗೆ. ಈಗಿನ ವಿಮರ್ಶೆಯಲ್ಲಿ ವಸ್ತು ಅಂದರೆ ಕಥೆ ಯಾವುದರ ಬಗ್ಗೆ ಇದೆ ಅನ್ನೋದು. ಎರಡೂ ಬಳಕೆಯಲ್ಲಿರುವುದರಿಂದ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಅದು ಅವರ ತಪ್ಪಲ್ಲ. ಪರೀಕ್ಷೆಯಲ್ಲಿ ಎರಡನೆಯ ಅರ್ಥ ಹಿಡಿಯಿರಿ. ಇಲ್ಲಿ ವಸ್ತು, ಕೊಟ್ಟ ಮಾತು.

ಸಂಘರ್ಷ ಅಂದ ತಕ್ಷಣ ಎಲ್ಲರೂ ‘ಹಸುವಿಗೂ ಹುಲಿಗೂ’ ಅಂತ ಬರೆಯುತ್ತಾರೆ. ಅದು ಅರ್ಧ ಉತ್ತರ. ಹಸು ದೊಡ್ಡಿಗೆ ಬಂದ ಮೇಲೆ ನೋಡಿ. ಅಲ್ಲಿ ಹುಲಿಯೇ ಇಲ್ಲ. ನೀನು ಯಾಕೆ ಸಾಯಬೇಕು, ಇಲ್ಲೇ ಇರು ಅಂತ ಕರು ಹೇಳುತ್ತದೆ. ಇದ್ದುಬಿಟ್ಟರೆ ಕೇಳುವವರು ಯಾರೂ ಇಲ್ಲ. ಒಂದು ಕಡೆ ಕರು, ಇನ್ನೊಂದು ಕಡೆ ಮಾತು. ನಿಜವಾದ ಜಗ್ಗಾಟ ಇರುವುದು ಇಲ್ಲಿ, ಹಸುವಿನ ಎದೆಯೊಳಗೆ. ಹೊರಡುವ ಮುಂಚೆ ಅದು ಉಳಿದ ಹಸುಗಳನ್ನು ಕೇಳಿಕೊಳ್ಳುತ್ತದೆ: ನನ್ನ ಕರು ನಿಮ್ಮ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ತಬ್ಬಲಿ ಕರುವಿಗೆ ಬೇರೆ ಹಸುಗಳ ನಡುವೆ ಏನಾಗುತ್ತದೆ ಅಂತ ದನ ಸಾಕಿದವರಿಗೆ ಗೊತ್ತು. ‘ಹಸುವಿಗೆ ದುಃಖವಾಯಿತು’ ಅನ್ನುವ ಬದಲು ಇಷ್ಟು ಹೇಳುತ್ತದಲ್ಲ, ಇದನ್ನೇ ಪಾತ್ರಚಿತ್ರಣ ಅನ್ನೋದು. ವರ್ಷಕ್ಕೊಮ್ಮೆ ಪಾಠ ಮಾಡಿದರೂ ಈ ಸಾಲಿಗೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

ಇನ್ನು ಪಾತ್ರ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಹಸು ಮೊದಲಿಂದ ಕೊನೇವರೆಗೂ ಒಂದೇ ಥರ ಇದೆ. ಬದಲಾಗೋದು ಹುಲಿ. ಹಾಗಾದ್ರೆ ಇದು ಹುಲಿ ಕಥೆ ಅಲ್ವಾ?” ಅಂದಳು. ಅವತ್ತಿನ ಪಾಠ ಪೂರ್ತಿ ಅದರ ಮೇಲೇ ನಡೆಯಿತು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಇದಕ್ಕೊಂದು ಪರೀಕ್ಷೆ ಹೇಳಿದ್ದಾರೆ: ನಾವು ನಂಬುವ ಹಾಗೆ ನಮ್ಮನ್ನು ಅಚ್ಚರಿಗೊಳಿಸುವ ಪಾತ್ರವೇ ತುಂಬು ಪಾತ್ರ. ಹುಲಿ ಇದರಲ್ಲಿ ಪಾಸಾಗುತ್ತದೆ. ಅದು ಸಾಯುತ್ತದೆ ಅಂತ ಯಾರೂ ಎಣಿಸಿರುವುದಿಲ್ಲ. ಆದರೆ ಹಸು ಗವಿಯ ಬಾಗಿಲಿಗೆ ಬಂದು ನಿಂತದ್ದನ್ನು ಕಂಡ ಮೇಲೆ ಹುಲಿ ಅತ್ತರೆ ನಂಬುತ್ತೇವೆ. ಪರಾಕಾಷ್ಠೆ, ಅಂದರೆ ಕಥೆಯ ಬಿಗಿ ತುತ್ತತುದಿ ಮುಟ್ಟುವ ಘಟ್ಟ, ಅನ್ನುವುದೂ ಈ ಜಾಗವನ್ನೇ. ಹಿನ್ನೆಲೆ ಅಂದರೆ ಕಥೆ ನಡೆಯುವ ಜಾಗ; ಅದಕ್ಕೆ ದೊಡ್ಡಿ, ಕಾಡು, ಗವಿ ಇಷ್ಟನ್ನು ಗಮನಿಸಿದರೆ ಸಾಕು.

ಕೊನೆಯದು ನಿರೂಪಕ. ಈ ಹಾಡನ್ನು ಹೇಳುವವರು ಕಥೆಯ ಹೊರಗಿದ್ದಾರೆ. ದೊಡ್ಡಿಯೂ ಅವರಿಗೆ ಕಾಣುತ್ತದೆ, ಗವಿಯೂ ಕಾಣುತ್ತದೆ. ಈಗ ಅದೇ ಕಥೆಯನ್ನು ಕರುವಿನ ಬಾಯಲ್ಲಿ ಹತ್ತು ಸಾಲು ಬರೆದು ನೋಡಿ. ಕರು ದೊಡ್ಡಿಯಲ್ಲೇ ಉಳಿದಿತ್ತು. ಹುಲಿಯ ಕಣ್ಣೀರು ಅದಕ್ಕೆ ಕಾಣುವುದಿಲ್ಲ. ಅಮ್ಮ ಹೋದ ದಾರಿ ಮಾತ್ರ ಕಾಣುತ್ತದೆ. ಬರೆದು ಕೆಳಗೆ ಹಾಕಿ, ಓದಿ ಹೇಳುತ್ತೇನೆ.